ಕೆಮಿಕಲ್ ಇಲ್ಲದ ಸಾಬೂನು ಇಲ್ಲ: ಅಜ್ಜಿ ಕೇಳಿದ ಎರಡು ಪ್ರಶ್ನೆ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಓದಲು ಅನುಕೂಲವಾಗುವ ಹಾಗೆ ಅಲ್ಲಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಾಡಲಾಗಿದೆ.)

ಇಯರ್‌ಫೋನ್ ಹಾಕಿಕೊಂಡು ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯ್ತಾ ಇದ್ದೀರೋ, ಬೆಂಗಳೂರಿನ ಪಿಜಿಯಲ್ಲಿ ಬಟ್ಟೆ ನೆನೆಸಿಟ್ಟು ಕೂತಿದ್ದೀರೋ ಗೊತ್ತಿಲ್ಲ. ಬಟ್ಟೆ ನೆನೆಸಿಟ್ಟಿದ್ದರೆ ಒಳ್ಳೆಯದೇ ಆಯ್ತು. ಇವತ್ತಿನ ವಿಷಯ ಸಾಬೂನು.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡ್ತೇನೆ.

ಕಳೆದ ವರ್ಷ ಆಟಿ ತಿಂಗಳು. ಕಲ್ಯಾಣಪುರದಲ್ಲಿ ಮಳೆ ಅಂದ್ರೆ ನಿಮಗೆ ಗೊತ್ತುಂಟಲ್ಲ, ಮನೆಯಿಂದ ಹೊರಗೆ ಕಾಲಿಡುವ ಹಾಗಿಲ್ಲ. ಫೋನಿನಲ್ಲಿ ವಿಡಿಯೊ ನೋಡಿ ನೋಡಿ ನನಗೆ ಸಾಬೂನು ಮಾಡುವ ಹುಚ್ಚು ಹಿಡಿಯಿತು. ಕೋಲ್ಡ್ ಪ್ರೋಸೆಸ್ ಅಂತಾರೆ. ಒಲೆ ಮೇಲೆ ಗಂಟೆಗಟ್ಟಲೆ ಬೇಯಿಸುವುದು ಬೇಡ. ಎಣ್ಣೆ, ನೀರು, ಕಾಸ್ಟಿಕ್ ಸೋಡಾ ಸೇರಿಸಿ ಕಡೆದು ಅಚ್ಚಿಗೆ ಹೊಯ್ದರೆ ಆಯ್ತು. ಅರ್ಧ ಕಿಲೊ ತೆಂಗಿನೆಣ್ಣೆಯಲ್ಲಿ ಏಳು ಬಿಲ್ಲೆ ಬಂತು. ಬಿಳಿ ಬಿಳಿ, ನೋಡ್ಲಿಕ್ಕೆ ಚಂದ. ಬಾಳೆ ನಾರಿನಲ್ಲಿ ಕಟ್ಟಿ, ಕಂದು ಕಾಗದದ ಲೇಬಲ್ ಅಂಟಿಸಿದೆ. ಲೇಬಲ್ ಮೇಲೆ ನಾನೇ ಬರೆದದ್ದು: ‘ಅಜ್ಜಿ ಕಾಲದ ಸಾಬೂನು. ಕೆಮಿಕಲ್ ಇಲ್ಲ.’ ಇನ್ನಷ್ಟು ಮಾಡಿ ಉಡುಪಿಯಲ್ಲಿ ಒಂದು ಸ್ಟಾಲ್ ಹಾಕುವ ಯೋಚನೆಯೂ ಇತ್ತು.

ಮೊದಲ ಬಿಲ್ಲೆ ಅಜ್ಜಿಗೆ ಕೊಟ್ಟೆ. ಮಾಡಿ ಹತ್ತು ದಿನ ಕೂಡ ಆಗಿರಲಿಲ್ಲ. ಅಜ್ಜಿ ಕೈ ತೊಳೆದು ಬಂದವರು ಸುಮ್ಮನೆ ಚಾವಡಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ನೋಡಿದ್ರೆ ಬೆರಳ ಸಂದಿಯೆಲ್ಲ ಕೆಂಪಗಾಗಿದೆ. 86 ವರ್ಷದ ಚರ್ಮ, ಕಾಗದದ ಹಾಗೆ ತೆಳು. ನನಗೆ ಕೈಕಾಲು ಆಡಲಿಲ್ಲ. ನಳ್ಳಿಯ ಕೆಳಗೆ ತುಂಬಾ ಹೊತ್ತು ಕೈ ಹಿಡಿಸಿದ ಮೇಲೆ ಉರಿ ಕಡಿಮೆಯಾಯಿತು. ಅಜ್ಜಿ ಬೈಯಲಿಲ್ಲ. ಎರಡೇ ಪ್ರಶ್ನೆ ಕೇಳಿದರು. ಅವರು ಕೇಳಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಹೇಳ್ತೇನೆ.

“ಕೆಮಿಕಲ್ ಇಲ್ಲ ಅಂದೆಯಲ್ಲ ಮಗಾ, ಮತ್ತೆ ಇದು ಎಂತದು ಉರಿ?”

ಆಮೇಲೆ ಕನ್ನಡಕ ಹಾಕಿಕೊಂಡು ಲೇಬಲ್ ಓದಿ: “ಇದು ಯಾವ ಅಜ್ಜಿಯ ಕಾಲ ಮಾರಾಯ್ತಿ? ನನ್ನ ಅಜ್ಜಿ ಮೈಗೆ ಸಾಬೂನು ಹಾಕಿದ್ದು ನಾನು ಒಂದು ದಿನವೂ ನೋಡಿಲ್ಲ.”

ಈ ಎರಡು ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದೇ ಇವತ್ತಿನ ಎಪಿಸೋಡ್. ಎರಡನೇ ಪ್ರಶ್ನೆಯಿಂದಲೇ ಶುರು ಮಾಡುವ.

ಅಜ್ಜಿಯ ಅಜ್ಜಿ ಸ್ನಾನ ಮಾಡಿದ್ದು ಹೇಗೆ?

ಅಜ್ಜಿ ಹೇಳಿದ ಪಟ್ಟಿ ಇದು. ತಲೆಗೆ ತೆಂಗಿನೆಣ್ಣೆ. ಅದನ್ನು ತೆಗೆಯಲಿಕ್ಕೆ ದಾಸವಾಳದ ಎಲೆ ಕಿವುಚಿದ ಗೊಂಪು, ಇಲ್ಲವೇ ಸೀಗೆ. ಮೈಗೆ ಕಡಲೆ ಹಿಟ್ಟು ಅಥವಾ ಹೆಸರು ಹಿಟ್ಟು. ಉಜ್ಜಲಿಕ್ಕೆ ಒಣಗಿದ ಹೀರೆಕಾಯಿಯ ನಾರು. ಪಾತ್ರೆಗೆ ಒಲೆಯ ಬೂದಿ ಮತ್ತು ತೆಂಗಿನ ನಾರು. ರೇಷ್ಮೆ ಸೀರೆಗೆ, ಬಂಗಾರಕ್ಕೆ ಅಂಟುವಾಳ.

ಸಾಬೂನು? ಅಜ್ಜಿಯ ಬಾಲ್ಯದಲ್ಲಿ ಅದು ಬೊಂಬಾಯಿಯಿಂದ ಬರ್ತಿತ್ತು. ಹೋಟೆಲ್ ಕೆಲಸಕ್ಕೆ ಹೋದ ಮಾವ ರಜೆಯಲ್ಲಿ ಬರುವಾಗ ಒಂದೆರಡು ಬಿಲ್ಲೆ ತರ್ತಿದ್ದರಂತೆ. ಅದನ್ನು ನೂಲಿನಲ್ಲಿ ಕುಯ್ದು ತುಂಡು ಮಾಡಿ ಕಪಾಟಿನಲ್ಲಿ ಇಡುವುದು. ನೆಂಟರು ಬಂದರೆ ಮಾತ್ರ ಹೊರಗೆ ಬರುವುದು. ಸೀರೆಯ ಮಡಿಕೆಯಲ್ಲಿ ಇಟ್ಟರೆ ಸೀರೆಗೆ ಪರಿಮಳ.

ಹೆಸರೇ ನೋಡಿ. ‘ಸಾಬೂನು’ ಹೊರಗಿನಿಂದ ಬಂದ ಶಬ್ದ. ಅರಬ್ಬಿಯಲ್ಲಿ, ಪಾರ್ಸಿಯಲ್ಲಿ, ಪೋರ್ಚುಗೀಸಿನಲ್ಲಿ ಇದರ ನೆಂಟರು ಇದ್ದಾರೆ. ಎಲ್ಲರ ಮೂಲ ಲ್ಯಾಟಿನ್ನಿನ ‘ಸಾಪೊ’. ರೋಮಿನ ಪ್ಲಿನಿ ಎಂಬ ಲೇಖಕ ಕ್ರಿಸ್ತಶಕ ಮೊದಲ ಶತಮಾನದಲ್ಲೇ ಈ ಶಬ್ದ ಬಳಸಿದ್ದಾನೆ. ಗಾಲ್ ಜನರು ಪ್ರಾಣಿಯ ಕೊಬ್ಬು ಮತ್ತು ಬೂದಿಯಿಂದ ಇದನ್ನು ಮಾಡುತ್ತಾರೆ, ಕೂದಲಿಗೆ ಕೆಂಪು ಬಣ್ಣ ಬರಲಿಕ್ಕೆ ಬಳಸುತ್ತಾರೆ ಅಂತ ಅವನು ಬರೆದಿದ್ದಾನೆ.

ನಮ್ಮ ಅಂಟುವಾಳಕ್ಕೆ ಸಸ್ಯಶಾಸ್ತ್ರದವರು ಇಟ್ಟ ಹೆಸರು ಸಾಪಿಂಡಸ್. ಅಂದ್ರೆ ‘ಭಾರತದ ಸಾಬೂನು’. ಹೆಸರಿನಲ್ಲೇ ಸಾಬೂನು ಉಂಟು. ಆದರೆ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಸಾಬೂನಲ್ಲ. ಅಂಟುವಾಳ, ಸೀಗೆಕಾಯಿಯಲ್ಲಿ ಸಪೋನಿನ್ ಎಂಬ ವಸ್ತು ಇರುತ್ತದೆ. ಗಿಡವೇ ಅದನ್ನು ತಯಾರಿಸಿ ಇಟ್ಟಿರುತ್ತದೆ. ನೀರಿಗೆ ಹಾಕಿದರೆ ನೊರೆ ಬರುತ್ತದೆ, ಜಿಡ್ಡು ಬಿಡುತ್ತದೆ. ಸಾಬೂನು ಹಾಗಲ್ಲ. ಅದು ಯಾವ ಮರದಲ್ಲೂ ಬೆಳೆಯುವುದಿಲ್ಲ. ಎಣ್ಣೆಗೆ ಕ್ಷಾರ ಸೇರಿಸಿ, ಎರಡೂ ತಮ್ಮ ಗುಣ ಬಿಟ್ಟು ಮೂರನೆಯದಾಗಬೇಕು. ಮನುಷ್ಯರು ಮಾಡಿದರೆ ಮಾತ್ರ ಸಾಬೂನು.

ಅಂಗಳದಲ್ಲೇ ಎಲ್ಲ ಇತ್ತು

ಇಲ್ಲಿ ನನಗೆ ಒಂದು ವಿಷಯ ತಲೆ ಕೊರೆಯಿತು. ನಮ್ಮ ಊರಿನವರಿಗೆ ಸಾಬೂನು ಮಾಡ್ಲಿಕ್ಕೆ ಸಾಮಾನು ಇರಲಿಲ್ವಾ?

ಎಣ್ಣೆ? ಕಲ್ಯಾಣಪುರದಲ್ಲಿ ತೆಂಗಿನಮರ ಇಲ್ಲದ ಹಿತ್ತಲು ಇಲ್ಲ. ಬೂದಿ? ಪ್ರತಿ ಒಲೆಯಲ್ಲಿ. ಸುಣ್ಣ? ಸ್ವರ್ಣಾ ನದಿ ಸಮುದ್ರ ಸೇರುವ ಜಾಗ ಹತ್ತಿರವೇ ಇದೆ, ಮರುವಾಯಿ ಚಿಪ್ಪು ಬೇಕಾದಷ್ಟು. ಕರಾವಳಿಯಲ್ಲಿ ಚಿಪ್ಪು ಸುಟ್ಟೇ ಸುಣ್ಣ ಮಾಡ್ತಿದ್ದದ್ದು. ಉಪ್ಪು? ಸಮುದ್ರವೇ ಪಕ್ಕದಲ್ಲಿ.

ಈ ನಾಲ್ಕು ಇದ್ದರೆ ಸಾಬೂನು ಆಗುತ್ತದೆ. ಬೂದಿಯನ್ನು ನೀರಲ್ಲಿ ಸೋಸಿದರೆ ಸೌಮ್ಯವಾದ ಕ್ಷಾರ ಸಿಗುತ್ತದೆ. ಅದಕ್ಕೆ ಸುಣ್ಣ ಹಾಕಿದರೆ ಖಾರವಾದ ಕ್ಷಾರ, ಅಂದರೆ ಕಾಸ್ಟಿಕ್ ಪೊಟ್ಯಾಶ್. ಅದನ್ನು ಎಣ್ಣೆಯ ಜೊತೆ ಕುದಿಸಿದರೆ ಮೆತ್ತಗಿನ, ಲೇಹದಂಥ ಸಾಬೂನು. ಕೊನೆಗೆ ಉಪ್ಪು ಹಾಕಿದರೆ ಅದು ಬೇರ್ಪಟ್ಟು ಗಟ್ಟಿಯಾಗುತ್ತದೆ. ಯುರೋಪಿನ ಹಳ್ಳಿಗಳಲ್ಲಿ ಸಾಬೂನು ಆದದ್ದು ಹೆಚ್ಚುಕಡಿಮೆ ಈ ದಾರಿಯಲ್ಲೇ.

ಸರಿ, ನಮ್ಮವರಿಗೆ ಈ ವಿದ್ಯೆ ಗೊತ್ತಿರಲಿಲ್ಲ ಅನ್ನುವ ಹಾಗೂ ಇಲ್ಲ. ಸುಶ್ರುತ ಸಂಹಿತೆಯಲ್ಲಿ ಕ್ಷಾರ ತಯಾರಿಸುವ ಬಗ್ಗೆ ಒಂದು ಇಡೀ ಅಧ್ಯಾಯವೇ ಉಂಟು. ಗಿಡ ಸುಟ್ಟ ಬೂದಿ, ಅದನ್ನು ಸೋಸಿದ ನೀರು, ಅದಕ್ಕೆ ಸುಟ್ಟ ಸುಣ್ಣಕಲ್ಲು, ಶಂಖ, ಚಿಪ್ಪು. ಮೃದು, ಮಧ್ಯಮ, ತೀಕ್ಷ್ಣ ಅಂತ ಮೂರು ದರ್ಜೆ ಬೇರೆ. ಅದರ ಉಪಯೋಗ ಮಾತ್ರ ಬೇರೆ: ಬೇಡದ ಮಾಂಸವನ್ನು ಸುಡಲಿಕ್ಕೆ. ಮೂಲವ್ಯಾಧಿ, ಭಗಂದರಕ್ಕೆ ಆಯುರ್ವೇದ ಆಸ್ಪತ್ರೆಗಳಲ್ಲಿ ಈಗಲೂ ಕ್ಷಾರಸೂತ್ರ ಕಟ್ಟುತ್ತಾರಲ್ಲ, ಅದೇ ಪರಂಪರೆ. ಅಂದ್ರೆ ಕ್ಷಾರ ಚರ್ಮವನ್ನು ಸುಡುತ್ತದೆ ಎಂಬುದು ನಮ್ಮ ವೈದ್ಯರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು!

ಹಾಗಾದರೆ ಸಾಬೂನು ಯಾಕೆ ಮಾಡಲಿಲ್ಲ? ನನಗೆ ತೋಚುವುದು ಇಷ್ಟು. ಕೆಲಸ ಆಗುವ ವಸ್ತು ಗುಡ್ಡದಲ್ಲಿ ಪುಕ್ಕಟೆ ಸಿಗುವಾಗ, ಊಟಕ್ಕೆ, ದೀಪಕ್ಕೆ, ಮಾರಾಟಕ್ಕೆ ಬೇಕಾದ ಎಣ್ಣೆಯನ್ನು ಬಚ್ಚಲಿಗೆ ಸುರಿಯುವವರು ಯಾರು? ಅರ್ಧ ಕಿಲೊ ಎಣ್ಣೆಗೆ ಐದಾರು ತೆಂಗಿನಕಾಯಿಯ ಕೊಬ್ಬರಿ ಬೇಕು. ಅಜ್ಜಿ ನನ್ನ ಏಳು ಬಿಲ್ಲೆ ನೋಡಿ ಮೊದಲು ಹೇಳಿದ್ದು ಅದನ್ನೇ: “ಇಷ್ಟು ಎಣ್ಣೆಯಲ್ಲಿ ಒಂದು ತಿಂಗಳ ಒಗ್ಗರಣೆ ಆಗ್ತಿತ್ತು.”

ಕ್ಷಾರ ಮುಟ್ಟಿದ ಕೈಗಳು

ಇನ್ನೊಂದು ಮಾತು. ‘ಅಜ್ಜಿ ಕಾಲದ’ ಅಂತ ಬರೆದೆನಲ್ಲ, ಬಟ್ಟೆಯ ವಿಷಯಕ್ಕೆ ಬಂದರೆ ಅದು ಯಾರ ಅಜ್ಜಿ ಎಂಬ ಪ್ರಶ್ನೆಯೂ ಉಂಟು.

ದಿನಾ ಉಡುವ ಬಟ್ಟೆಯನ್ನು ಮನೆಯವರೇ ಕಲ್ಲಿಗೆ ಬಡಿದು ಒಗೆಯುತ್ತಿದ್ದರು. ದಪ್ಪ ಬಟ್ಟೆ, ಬಾಣಂತಿಯ ಬಟ್ಟೆ, ಸೂತಕದ ಬಟ್ಟೆ ಹೋಗ್ತಿದ್ದದ್ದು ಮಡಿವಾಳರ ಮನೆಗೆ. ಕರ್ನಾಟಕದ ಬಯಲುಸೀಮೆಯಲ್ಲಿ ಅವರು ಚೌಳು ಮಣ್ಣು ಬಳಸುತ್ತಿದ್ದರು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಹಾಗೆ ಏಳುತ್ತದಲ್ಲ, ಅದರಲ್ಲಿ ಸೋಡಾ ಇರುತ್ತದೆ. ಬೂದಿ ನೀರಿನಲ್ಲೋ ಚೌಳಿನಲ್ಲೋ ಬಟ್ಟೆ ಅದ್ದಿ, ದೊಡ್ಡ ಹಂಡೆಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಹಬೆಯಲ್ಲಿ ಬೇಯಿಸುವುದು. ಅದಕ್ಕೆ ಉಬ್ಬೆ ಹಾಕುವುದು ಅಂತಾರೆ. ಬಟ್ಟೆಯ ಜಿಡ್ಡು ಮತ್ತು ಕ್ಷಾರ ಸೇರಿದಾಗ ಆ ಹಂಡೆಯಲ್ಲಿ ಒಂದಿಷ್ಟು ಸಾಬೂನು ತಾನಾಗಿಯೇ ಆಗ್ತಿತ್ತು. ಯಾರೂ ಅದಕ್ಕೆ ಸಾಬೂನು ಅನ್ನಲಿಲ್ಲ, ಅಷ್ಟೇ.

ನಮ್ಮಲ್ಲಿ ಕ್ಷಾರದ ಹದ ತಿಳಿದ ಜನ ಅಂದರೆ ಅವರು. 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರನ್ನು ಸ್ಮರಿಸುವ ಸಮಾಜ, ಆ ಕಸುಬಿನ ಕೈ ಬಿರುಕುಬಿಟ್ಟದ್ದನ್ನು ಹೆಚ್ಚು ನೆನೆಯುವುದಿಲ್ಲ. ಬಾಳೆ ನಾರಿನಲ್ಲಿ ಕಟ್ಟಿದ ನನ್ನ ಲೇಬಲ್ಲಿನಲ್ಲೂ ಅವರಿಗೆ ಜಾಗ ಇರಲಿಲ್ಲ.

ಸೋಡಾ ಅಗ್ಗವಾದ ಕಥೆ

ಈಗ ಮೊದಲ ಪ್ರಶ್ನೆಗೆ ಬರುವ. ಕೈ ಉರಿದದ್ದು ಎಂತಕ್ಕೆ? ಕಾಸ್ಟಿಕ್ ಸೋಡಾದಿಂದ. ಅದು ಎಲ್ಲಿಂದ ಬಂತು?

ಯುರೋಪಿನಲ್ಲೂ ಬಹಳ ಕಾಲ ಸಾಬೂನಿಗೆ ಬೂದಿಯೇ ಗತಿ. ಸಮುದ್ರ ಪಾಚಿ, ಉಪ್ಪುನೆಲದ ಗಿಡ ಸುಟ್ಟು ಸೋಡಾ ತೆಗೆಯುತ್ತಿದ್ದರು. ಬೇಡಿಕೆ ಹೆಚ್ಚಾಯಿತು, ಬೂದಿ ಸಾಲಲಿಲ್ಲ. ಉಪ್ಪಿನಿಂದ ಸೋಡಾ ತೆಗೆದುಕೊಟ್ಟವರಿಗೆ ಬಹುಮಾನ ಕೊಡುತ್ತೇವೆ ಅಂತ ಫ್ರಾನ್ಸ್ ಘೋಷಿಸಿತು. ನಿಕೊಲಾ ಲೆಬ್ಲಾಂಕ್ ಎಂಬ ವೈದ್ಯ ದಾರಿ ಕಂಡುಹಿಡಿದು 1791ರಲ್ಲಿ ಪೇಟೆಂಟ್ ಪಡೆದ. ಬಹುಮಾನ ಅವನ ಕೈ ಸೇರಲಿಲ್ಲ. ಕ್ರಾಂತಿಯ ಸರಕಾರ ಅವನ ಕಾರ್ಖಾನೆಯನ್ನೇ ವಶಪಡಿಸಿಕೊಂಡಿತು.

ಆ ವಿಧಾನ ಇಂಗ್ಲೆಂಡಿಗೆ ಹೋಗಿ ದೊಡ್ಡ ಉದ್ಯಮವಾಯಿತು. ಜೊತೆಗೆ ಚಿಮಣಿಯಿಂದ ಆಮ್ಲದ ಹೊಗೆ. ಸುತ್ತಲಿನ ಮರ, ಬೆಳೆ ಎಲ್ಲ ಕರಟಿ ಹೋಯಿತು. ಅದನ್ನು ತಡೆಯಲಿಕ್ಕೆ ಬ್ರಿಟನ್ 1863ರಲ್ಲಿ ಆಲ್ಕಲಿ ಆ್ಯಕ್ಟ್ ತಂದಿತು. ಗಾಳಿ ಮಾಲಿನ್ಯದ ವಿರುದ್ಧ ಜಗತ್ತಿನಲ್ಲಿ ಮೊದಮೊದಲು ಬಂದ ಕಾನೂನುಗಳಲ್ಲಿ ಇದೊಂದು. ಬಿಳಿ ಬಟ್ಟೆಗಾಗಿ ಕಪ್ಪು ಹೊಗೆ.

ಈ ಮಧ್ಯೆ ಮಿಷೆಲ್ ಷೆವ್ರೆಲ್ ಎಂಬ ಫ್ರೆಂಚ್ ವಿಜ್ಞಾನಿ ಕೊಬ್ಬಿನ ಒಳಗೆ ಏನಿದೆ ಅಂತ ಬಿಡಿಸಿ, 1823ರಲ್ಲಿ ಪುಸ್ತಕ ತಂದ. ಎಣ್ಣೆ ಅಂದರೆ ಕೊಬ್ಬಿನಾಮ್ಲ ಮತ್ತು ಗ್ಲಿಸರಿನ್ ಕೂಡಿದ್ದು. ಕ್ಷಾರ ಬಂದು ಆ ಜೋಡಿಯನ್ನು ಒಡೆಯುತ್ತದೆ. ಕೊಬ್ಬಿನಾಮ್ಲ ಕ್ಷಾರದ ಜೊತೆ ಸೇರಿ ಸಾಬೂನಾಗುತ್ತದೆ, ಗ್ಲಿಸರಿನ್ ಹೊರಗೆ ಬರುತ್ತದೆ. ಅಲ್ಲಿಯ ತನಕ ಕೈಗುಣ ಅಂತ ಇದ್ದದ್ದು ಆಮೇಲೆ ಲೆಕ್ಕ ಆಯಿತು. ಇಂಥ ಎಣ್ಣೆಯ ಇಷ್ಟು ಗ್ರಾಮಿಗೆ ಇಷ್ಟೇ ಗ್ರಾಮ್ ಸೋಡಾ.

19ನೇ ಶತಮಾನದ ಕೊನೆಗೆ ಇನ್ನೊಂದು ದಾರಿ ತೆರೆಯಿತು: ಉಪ್ಪುನೀರಿಗೆ ಕರೆಂಟು ಹಾಯಿಸಿ ಕಾಸ್ಟಿಕ್ ಸೋಡಾ ತೆಗೆಯುವುದು. ಇವತ್ತು ಅಂಗಡಿಯಲ್ಲಿ ಸಿಗುವ ಬಿಳಿ ಚಕ್ಕೆ ಹೀಗೆ ತಯಾರಾದದ್ದೇ. ತುಂಬಾ ದೂರ ಹೋಗಬೇಕಿಲ್ಲ. ನಮ್ಮ ಕರಾವಳಿಯಲ್ಲೇ, ಕಾರವಾರದ ಪಕ್ಕದ ಬಿಣಗಾದಲ್ಲಿ ಇಂಥ ಕಾರ್ಖಾನೆ ಉಂಟು.

ಇದು ಯಾಕೆ ಮುಖ್ಯ ಅಂದ್ರೆ, ಬೂದಿ ನೀರಿನಲ್ಲಿ ಕ್ಷಾರ ಎಷ್ಟಿದೆ ಅಂತ ಕರಾರುವಾಕ್ಕಾಗಿ ಹೇಳಲಾಗದು. ಇವತ್ತಿನ ಬೂದಿ ಬೇರೆ, ನಾಳೆಯದ್ದು ಬೇರೆ. ಹಾಗಾಗಿ ಹಳೆಯವರು ಕುದಿಸಿ, ನೋಡಿ, ಮತ್ತೆ ಹಾಕಿ, ಮತ್ತೆ ಕುದಿಸಬೇಕಿತ್ತು. ಬೇಯಿಸದೆ ಒಂದೇ ಸಲ ಅಳೆದು ಹಾಕಿ ಅಚ್ಚಿಗೆ ಹೊಯ್ಯುವ ಧೈರ್ಯ ಬರಬೇಕಾದರೆ ಶುದ್ಧವಾದ, ಒಂದೇ ಥರದ ಕಾಸ್ಟಿಕ್ ಸೋಡಾ ಬೇಕು. ಅದು ಕಾರ್ಖಾನೆಯಿಂದ ಮಾತ್ರ ಬರುತ್ತದೆ. ಅಂದ್ರೆ ನಾನು ಇವತ್ತು ಅಡುಗೆಮನೆಯಲ್ಲಿ ನಂಬಿಕೆಯಿಂದ ಮಾಡುವ ಕೋಲ್ಡ್ ಪ್ರೋಸೆಸ್ ಸಾಬೂನು ಕಾರ್ಖಾನೆಗಿಂತ ಹಿಂದಿನದ್ದಲ್ಲ. ಕಾರ್ಖಾನೆ ಬಂದ ಮೇಲಿನದ್ದು. ನನ್ನ ಲೇಬಲ್ ಎರಡೂ ಸಾಲಿನಲ್ಲಿ ತಪ್ಪಾಗಿತ್ತು.

ಬೂತಾಯಿಯ ಎಣ್ಣೆ, ಗಂಧದ ಎಣ್ಣೆ

ಹಾಗಾದರೆ ನಮ್ಮ ಕಡೆಗೆ ಸಾಬೂನು ಬಂದದ್ದು ಯಾವಾಗ? ಲಿವರ್ ಬ್ರದರ್ಸ್ ಕಂಪನಿಯ ಸನ್‌ಲೈಟ್ ಬಾರ್‌ಗಳು 1888ರಲ್ಲಿ ಕಲ್ಕತ್ತೆಗೆ ಬಂದವು. 1895ರಲ್ಲಿ ಲೈಫ್‌ಬಾಯ್. ಹಡಗಿನಲ್ಲಿ ಬಂದ ಮಾಲು.

ಕರ್ನಾಟಕದ ಸಾಬೂನು ಅಂದ ಕೂಡಲೇ ನಿಮಗೆ ಮೈಸೂರ್ ಸ್ಯಾಂಡಲ್ ನೆನಪಾಗುತ್ತದೆ. ಸರಿಯೇ. ಆದರೆ ಆ ಕಾಲದಲ್ಲಿ ಕಲ್ಯಾಣಪುರ ಮೈಸೂರಿಗೆ ಸೇರಿರಲಿಲ್ಲ. 1956ರ ನವೆಂಬರ್ 1ರ ತನಕ ನಾವು ಮದ್ರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆ. ಹಾಗಾಗಿ ‘ನಮ್ಮ’ ಸರಕಾರದ ಸಾಬೂನು ಇದ್ದದ್ದು ಕಲ್ಲಿಕೋಟೆಯಲ್ಲಿ. ಅದರ ಹಿಂದೆ ಇದ್ದದ್ದು ಮೀನು.

ಹೌದು, ಬೂತಾಯಿ. 20ನೇ ಶತಮಾನದ ಆರಂಭದಲ್ಲಿ ಮದ್ರಾಸ್ ಸರಕಾರದ ಮೀನುಗಾರಿಕೆಯ ಹೊಣೆ ಹೊತ್ತ ಸರ್ ಫ್ರೆಡರಿಕ್ ನಿಕಲ್ಸನ್, ಮಲಬಾರ್ ಮತ್ತು ದಕ್ಷಿಣ ಕನ್ನಡದ ಕಡಲತೀರದಲ್ಲಿ ರಾಶಿರಾಶಿ ಬೀಳುವ ಬೂತಾಯಿಯನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆಯುವುದಕ್ಕೆ ಒತ್ತು ಕೊಟ್ಟರು. ಉಳಿದ ಹಿಂಡಿ ತೋಟಕ್ಕೆ ಗೊಬ್ಬರ. ಎಣ್ಣೆ ಏನು ಮಾಡುವುದು? ಸಾಬೂನು. ಅದೇ ಪ್ರಯೋಗದ ಕವಲಾಗಿ 1914ರಲ್ಲಿ ಕಲ್ಲಿಕೋಟೆಯಲ್ಲಿ ಸರಕಾರಿ ಸಾಬೂನು ತಯಾರಿಕೆ ನೆಲೆಯೂರಿತು. ಮೀನೆಣ್ಣೆ ಸಾಬೂನು ಮೈಗೆ ಹಚ್ಚುವಂಥದ್ದಲ್ಲ ಬಿಡಿ. ರಸ ಹೀರುವ ಕೀಟಕ್ಕೆ ಗಿಡದ ಮೇಲೆ ಸಿಂಪಡಿಸುವ ಮದ್ದಾಗಿ ಕೃಷಿಕರಿಗೆ ಅದು ಈಗಲೂ ಗೊತ್ತು.

1917ರಲ್ಲಿ ಟಾಟಾದವರು ಕೊಚ್ಚಿಯ ಕಡೆ ಎಣ್ಣೆ ಗಿರಣಿ ಕಂಪನಿ ಶುರು ಮಾಡಿದರು, ತೆಂಗಿನ ಕೊಬ್ಬರಿಗಾಗಿ. ಮುಂದೆ ಅದೇ ಕಂಪನಿಯ ಹಮಾಮ್ 1931ರಲ್ಲಿ ಬಂತು. ಸಾಬೂನು ಉದ್ಯಮ ತೆಂಗಿನಮರ ಹುಡುಕಿಕೊಂಡು ನಮ್ಮ ಕರಾವಳಿಗೆ ಬಂದದ್ದಕ್ಕೆ ಕಾರಣ ಉಂಟು. ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲ ಹೆಚ್ಚು. ಅದರಿಂದ ಆದ ಸಾಬೂನು ಗಟ್ಟಿ, ನೊರೆ ಜಾಸ್ತಿ, ಉಪ್ಪುನೀರಿನಲ್ಲೂ ನೊರೆ ಬರುತ್ತದೆ. ಹಾಗಾಗಿ ಹಡಗಿನವರಿಗೆ ಅಚ್ಚುಮೆಚ್ಚು. ಹೊಳೆಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪುನೀರು ನುಗ್ಗುವ ಊರಿನವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಘಟ್ಟದ ಮೇಲೆ, ಮೈಸೂರು ಸಂಸ್ಥಾನದಲ್ಲಿ ಕಥೆ ಶುರುವಾದದ್ದು ಒಂದು ನಷ್ಟದಿಂದ. ಮೈಸೂರಿನ ಶ್ರೀಗಂಧದ ಕೊರಡುಗಳು ಎಣ್ಣೆ ತೆಗೆಯಲಿಕ್ಕೆ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿದ್ದವು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಆ ವ್ಯಾಪಾರ ನಿಂತಿತು. ಗಂಧ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ವಿಶ್ವೇಶ್ವರಯ್ಯ ದಿವಾನರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳು ಇಲ್ಲೇ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ, 1918ರಲ್ಲಿ ಸರಕಾರಿ ಸಾಬೂನು ಕಾರ್ಖಾನೆ. ಸಾಬೂನು ವಿದ್ಯೆ ಕಲಿಯಲಿಕ್ಕೆ ಇಂಗ್ಲೆಂಡಿಗೆ ಹೋಗಿ ಬಂದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಅಂತಲೇ ಕರೆದರು. ಬಿಲ್ಲೆಯ ಮೊಟ್ಟೆಯಾಕಾರ, ಒಡವೆ ಪೆಟ್ಟಿಗೆಯಂಥ ಡಬ್ಬಿ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು, ಇದೆಲ್ಲ ನಿಮಗೆ ಗೊತ್ತಿರುವುದೇ. ಆ ಕಾರ್ಖಾನೆಯೇ 1980ರಲ್ಲಿ ಕರ್ನಾಟಕ ಸೋಪ್ಸ್ ಆ್ಯಂಡ್ ಡಿಟರ್ಜೆಂಟ್ಸ್ ಕಂಪನಿಯಾಯಿತು.

ಯುದ್ಧಕ್ಕೂ ಸಾಬೂನಿಗೂ ಇನ್ನೊಂದು ನಂಟು ಉಂಟು. ಆಗಲೇ ಗ್ಲಿಸರಿನ್ ಅಂದೆನಲ್ಲ. ಅದರಿಂದ ನೈಟ್ರೊಗ್ಲಿಸರಿನ್ ಎಂಬ ಸ್ಫೋಟಕ ಆಗುತ್ತದೆ. ಯುದ್ಧದ ಸಮಯದಲ್ಲಿ ಸಾಬೂನು ಕಾರ್ಖಾನೆಯ ಗ್ಲಿಸರಿನ್ನಿಗೆ ಸರಕಾರಗಳು ಕೈ ಚಾಚಿ ನಿಂತಿದ್ದವು. ದೊಡ್ಡ ಕಾರ್ಖಾನೆಯಲ್ಲಿ ಸಾಬೂನನ್ನು ಬೇಯಿಸಿ, ಉಪ್ಪು ಹಾಕಿ ಗ್ಲಿಸರಿನ್ ಬೇರೆ ಮಾಡಿ ಮಾರುತ್ತಾರೆ. ಕೋಲ್ಡ್ ಪ್ರೋಸೆಸ್ಸಿನಲ್ಲಿ ಬೇಯಿಸುವುದೂ ಇಲ್ಲ, ಬೇರ್ಪಡಿಸುವುದೂ ಇಲ್ಲ. ಗ್ಲಿಸರಿನ್ ಬಿಲ್ಲೆಯಲ್ಲೇ ಉಳಿಯುತ್ತದೆ. ಮನೆಸಾಬೂನಿನ ಬಗ್ಗೆ ನಿಜವಾಗಿ ಹೇಳಿಕೊಳ್ಳಬಹುದಾದ ಒಂದು ಗುಣ ಇದು.

ಕಾರ್ಖಾನೆಯಿಂದ ಮತ್ತೆ ಅಡುಗೆಮನೆಗೆ

ಬೇಯಿಸದ ಈ ವಿಧಾನಕ್ಕೆ ದೊಡ್ಡ ಯಂತ್ರ ಬೇಡ. ಹಾಗಾಗಿ ಸಣ್ಣವರು ಇದನ್ನು ಹಿಡಿದರು. ಕೇರಳದ ಇರಿಂಞಾಲಕುಡದಲ್ಲಿ ಸಿ. ಆರ್. ಕೇಶವನ್ ವೈದ್ಯರ್ 1940ರಲ್ಲಿ ತೆಂಗಿನೆಣ್ಣೆಯ ಚಂದ್ರಿಕಾ ಶುರು ಮಾಡಿದರು. 1969ರಲ್ಲಿ ಮದ್ರಾಸಿನಲ್ಲಿ ರೈಲ್ವೆ ವೈದ್ಯರಾಗಿದ್ದ ವಿ. ಪಿ. ಸಿದ್ಧನ್, ಚರ್ಮದ ತೊಂದರೆ ಇದ್ದ ಕಾರ್ಮಿಕರಿಗಾಗಿ ಮನೆಯಲ್ಲೇ ಕೈಯಿಂದ ಮಾಡಿದ ಗಿಡಮೂಲಿಕೆ ಸಾಬೂನು ಮುಂದೆ ಮೆಡಿಮಿಕ್ಸ್ ಆಯಿತು. ಖಾದಿ ಗ್ರಾಮೋದ್ಯೋಗದವರು ಬೇವು, ಹೊಂಗೆ, ಹಿಪ್ಪೆಯಂಥ ತಿನ್ನದ ಎಣ್ಣೆಯಲ್ಲಿ ಸಾಬೂನು ಮಾಡಲಿಕ್ಕೆ ಉತ್ತೇಜನ ಕೊಟ್ಟರು. ಅಜ್ಜಿಯ ಒಗ್ಗರಣೆ ಎಣ್ಣೆಯ ತಕರಾರಿಗೆ ಅಲ್ಲಿ ಉತ್ತರ ಇತ್ತು ನೋಡಿ.

ಈಗ ಫೋನು ನೋಡಿ ನಾವು ಮಾಡ್ತಾ ಇರುವುದು ಇದರ ಮುಂದಿನ ಕಂತು. ಸರಿ, ನನ್ನ ತಪ್ಪು ಎಲ್ಲಿ ಆಯಿತು ಅಂತ ಹೇಳ್ತೇನೆ, ನೀವು ಮಾಡುವುದಾದರೆ ಉಪಯೋಗಕ್ಕೆ ಬರುತ್ತದೆ.

500 ಗ್ರಾಮ್ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲು ಸುಮಾರು 91 ಗ್ರಾಮ್ ಕಾಸ್ಟಿಕ್ ಸೋಡಾ ಬೇಕು. ಯಾರೂ ಅಷ್ಟೂ ಹಾಕುವುದಿಲ್ಲ. ಸ್ವಲ್ಪ ಎಣ್ಣೆ ಉಳಿಯುವ ಹಾಗೆ ಕಡಿಮೆ ಹಾಕ್ತಾರೆ. ನಾನು ಲೆಕ್ಕ ಹಾಕಿದ್ದು 87 ಗ್ರಾಮ್. ಆದರೆ ನಮ್ಮ ಮನೆಯ ತಕ್ಕಡಿಯ ಸೆಲ್ಲು ಮುಗಿಯುತ್ತಾ ಬಂದಿತ್ತು. ಆಮೇಲೆ ಪರೀಕ್ಷೆ ಮಾಡಿದಾಗ ಹತ್ತು ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ತೋರಿಸ್ತಾ ಇತ್ತು. ಅಂದ್ರೆ ಎಣ್ಣೆಗೆ ತಡೆಯಲಾರದಷ್ಟು ಸೋಡಾ ಬಿಲ್ಲೆಯಲ್ಲಿ ಉಳಿಯಿತು. ಹತ್ತು ಗ್ರಾಮ್ ಅಂದ್ರೆ ಎರಡು ಚಮಚ. ಅಷ್ಟು ಸಾಕಾಯಿತು ಅಜ್ಜಿಯ ಕೈಗೆ. ಮೇಲಿಂದ ನಾನು ಕಾಯಲೂ ಇಲ್ಲ.

ಎರಡನೇ ಸಲ ಹೊಸ ತಕ್ಕಡಿ, ಒಂದು ಗ್ರಾಮ್ ತನಕ ತೂಗುವಂಥದ್ದು. ಬರೀ ತೆಂಗಿನೆಣ್ಣೆಯ ಸಾಬೂನು ಚರ್ಮ ಒಣಗಿಸುತ್ತದೆ, ಹಾಗಾಗಿ ಶೇಕಡಾ 20ರಷ್ಟು ಎಣ್ಣೆ ಉಳಿಯುವ ಲೆಕ್ಕ. 500 ಗ್ರಾಮ್ ಎಣ್ಣೆಗೆ 73 ಗ್ರಾಮ್ ಸೋಡಾ, 160 ಗ್ರಾಮ್ ನೀರು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್, ಕಿಟಕಿ ತೆರೆದು, ಮಕ್ಕಳನ್ನೂ ಬೆಕ್ಕನ್ನೂ ಹೊರಗೆ ಹಾಕಿ. ಪಾತ್ರೆ ಸ್ಟೀಲಿನದ್ದು. ಅಲ್ಯೂಮಿನಿಯಂ ಬೇಡವೇ ಬೇಡ, ಸೋಡಾ ಅದನ್ನು ತಿಂದು ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಬಿಡುತ್ತದೆ. ಚರಂಡಿ ಬಿಡಿಸುವ ಪುಡಿಯೂ ಬೇಡ, ಅದರಲ್ಲಿ ಬೇರೆ ಏನೇನೋ ಇರುತ್ತದೆ.

ನೆನಪಿಡಿ: ಯಾವಾಗಲೂ ನೀರಿಗೆ ಸೋಡಾ, ಸೋಡಾಕ್ಕೆ ನೀರಲ್ಲ. ಹಾಕಿದ ಕೂಡಲೇ ಒಲೆಯಿಲ್ಲದೆಯೇ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಆರಿದ ಮೇಲೆ ಎಣ್ಣೆಗೆ ಸೇರಿಸಿ ಕಡೆಯುವುದು. ದೋಸೆ ಹಿಟ್ಟಿನ ಹದ ಬಂದಾಗ ಅಚ್ಚಿಗೆ. ತೆಂಗಿನೆಣ್ಣೆಯದ್ದು ಬೇಗ ಗಟ್ಟಿಯಾಗುತ್ತದೆ, ಅರ್ಧ ದಿನದೊಳಗೆ ಕುಯ್ಯದಿದ್ದರೆ ಕಲ್ಲಾಗಿ ಒಡೆಯುತ್ತದೆ. ಆಮೇಲೆ ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ. ನಮ್ಮ ಮಳೆಗಾಲದಲ್ಲಿ ಬಿಲ್ಲೆ ಬೆವರುತ್ತದೆ. ಹಾಳಾಯಿತು ಅಂತ ಹೆದರಬೇಡಿ, ಒಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆಯುವುದು ಅಷ್ಟೇ. ಇನ್ನೂ ಸ್ವಲ್ಪ ಕಾಯಿರಿ. ಕೊನೆಗೆ ಪಿಎಚ್ ಕಾಗದದಲ್ಲಿ ನೋಡಿ. 9, 10ರ ಆಸುಪಾಸು ಇದ್ದರೆ ಸರಿ. 11 ದಾಟಿದ್ದರೆ ಯಾರ ಕೈಗೂ ಕೊಡಬೇಡಿ. ಅಪ್ಪಿತಪ್ಪಿ ಸೋಡಾ ತಾಗಿದರೆ ಲಿಂಬೆಹುಳಿ, ವಿನೆಗರ್ ಅಂತ ಪ್ರಯೋಗ ಮಾಡಬೇಡಿ. ಹರಿಯುವ ನೀರಿನಲ್ಲಿ ತುಂಬಾ ಹೊತ್ತು ತೊಳೆಯಿರಿ. ಕಣ್ಣಿಗೆ ಹಾರಿದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಿ.

ಲೆಕ್ಕ ಸರಿಯಾಗಿದ್ದರೆ ಸಿದ್ಧವಾದ ಬಿಲ್ಲೆಯಲ್ಲಿ ಕಾಸ್ಟಿಕ್ ಸೋಡಾ ಉಳಿಯುವುದಿಲ್ಲ. ಪೂರ್ತಿ ಸಾಬೂನಾಗಿ ಬದಲಾಗಿರುತ್ತದೆ. ಅದನ್ನು ಹೇಳುವುದು ನಿಜ. ಆದರೆ ‘ಕೆಮಿಕಲ್ ಇಲ್ಲ’ ಅನ್ನುವುದು ಸುಳ್ಳು. ಆ ಸುಳ್ಳು ಹೇಳಿದ ಮೇಲೆ ತಕ್ಕಡಿಯನ್ನು ಎರಡು ಸಲ ನೋಡುವ ಭಯವೂ ಹೋಗುತ್ತದೆ. ನನಗೆ ಆದದ್ದು ಅದೇ. ಲೇಬಲ್ ಬರೆಯುವಾಗ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಸ್ಟಾಲ್? ಹಾಕಲಿಲ್ಲ. ಮನೆಗೆ ಮಾಡುವುದು ಬೇರೆ, ಮಾರುವುದು ಬೇರೆ. ಮಾರಲಿಕ್ಕೆ ಕಾಸ್ಮೆಟಿಕ್ಸ್ ತಯಾರಿಕೆಯ ಲೈಸೆನ್ಸ್ ಬೇಕು, ಪೊಟ್ಟಣದ ಮೇಲೆ ಒಳಗಿರುವ ವಸ್ತುಗಳ ಹೆಸರು ಬರೆಯಬೇಕು. ಮೊದಲು ನನಗೆ ಅದು ಕಿರಿಕಿರಿ ಅನಿಸಿತ್ತು. ಈಗ ಅನಿಸುವುದಿಲ್ಲ. ಸದ್ಯ ಮನೆಗೆ, ಕೇಳಿದ ನೆಂಟರಿಗೆ ಮಾತ್ರ.

ಎರಡನೇ ಸಲದ ಸಾಬೂನು ಆರು ವಾರ ಕಳೆದ ಮೇಲೆ ಮೊದಲು ನನ್ನ ಕೈಗೆ ಹಾಕಿ ನೋಡಿದೆ, ಒಂದು ವಾರ. ಆಮೇಲೆ ಅಜ್ಜಿಯ ಹತ್ತಿರ ಹೋದೆ. ಈ ಸಲದ ಚೀಟಿಯಲ್ಲಿ ಇಷ್ಟೇ ಇತ್ತು: ‘ತೆಂಗಿನೆಣ್ಣೆ, ನೀರು, ಕಾಸ್ಟಿಕ್ ಸೋಡಾ. ಮಾಡಿದ ತಾರೀಕು.’ ಅಜ್ಜಿ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮೂಸಿ ನೋಡಿದರು. ಕೈ ತೊಳೆದು ಬಂದು ಬೆರಳ ಸಂದಿ ನನಗೆ ತೋರಿಸಿದರು. ಏನೂ ಆಗಿರಲಿಲ್ಲ.

“ನೊರೆ ಅಡ್ಡಿಲ್ಲ,” ಅಂದರು. “ಆದ್ರೆ ರೇಷ್ಮೆ ಸೀರೆಗೆ ನಾನು ಅಂಟುವಾಳವೇ ಹಾಕುವುದು, ಆಯ್ತಾ?”

ಆಯ್ತು ಅಜ್ಜಿ ಅಂದೆ.

ನಿಮ್ಮ ಮನೆಯಲ್ಲಿ ಅಜ್ಜಿ, ದೊಡ್ಡಮ್ಮ ಯಾರಾದರೂ ಇದ್ದರೆ ಇವತ್ತು ಒಂದು ಪ್ರಶ್ನೆ ಕೇಳಿ ನೋಡಿ: ಮೊದಲ ಸಲ ಸಾಬೂನು ನೋಡಿದ್ದು ಯಾವಾಗ, ತಂದವರು ಯಾರು? ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.